ನಮ್ಮ ಮಕ್ಕಳಿಗೆ ಸಾಂತಾಕ್ರೂಜಿನ ಪಾಠ

ಸಂಘದ ವತಿಯಿಂದ ಸಾಂತಾಕ್ರೂಜ್ ಪೂರ್ವದಲ್ಲಿ ಜರುಗಿದ ಪಠ್ಯಪುಸ್ತಕ ವಿತರಣೆಯ ಸಭೆಯಲ್ಲಿ ನಮ್ಮ ಸಂಘಟನಾ ಕಾರ್ಯದರ್ಶಿಗಳು ಮಾಡಿದ ಭಾಷಣ.



ಇಡ್ಲಿ ಇನ್ನೂ ಬೆಂದಿಲ್ಲವೆಂದು ಅಡುಗೆಮನೆಯಿಂದ ಈಗತಾನೆ ವರ್ತಮಾನ ಬಂದಿದೆ. ಆದುದರಿಂದ ನಮಗೆ ಅರ್ಧ ತಾಸು ಸಿಕ್ಕಿದೆ. ನಮ್ಮನ್ನು ಕರೆದವರು ‘ಶಿಕ್ಷಣದ ಮಹತ್ವ’ ಎಂಬ ವಿಷಯ ಕೊಟ್ಟಿದ್ದರು. ಏಳನೆಯ ತರಗತಿ ಮುಗಿಸಿ ಕಪ್ಪು ಬಸಿ ತೊಳೆಯಲು ರೈಲು ಹತ್ತಿದವರು ಶಿಕ್ಷಣದ ಮಹತ್ವ ಹೇಳುವುದು, ನೀರಿಗಿಳಿಯದವ ಈಜು ಕಲಿಸಿದಂತೆ. ಅದಕ್ಕಾಗಿ ಅಧ್ಯಕ್ಷರ ಅಪ್ಪಣೆ ಪಡೆದು ವಿಷಯವನ್ನು ಸ್ವಲ್ಪ ಸಣ್ಣದು ಮಾಡಿಕೊಂಡಿದ್ದೇವೆ. ಹೈಸ್ಕೂಲಿಗೆ ಹೋಗುವ ನಮ್ಮ ಮಕ್ಕಳಿಗೆ ಅವರು ಕಾಲಿಟ್ಟು ನಿಂತ ಈ ಸಾಂತಾಕ್ರೂಜಿನ ನೆಲದ ಸಂಗತಿ ತಿಳಿಸಬೇಕು, ಅದು ನಮ್ಮ ಸಂಘದ ಕೆಲಸವೇ ಆಗಬೇಕು. ನಮಗೆ ಹೇಳಲಿಕ್ಕಿರುವುದು ಇಷ್ಟೇ.

ಕಳೆದ ಮಳೆಗಾಲದ ಹಿಂದಿನ ಮಳೆಗಾಲ. ವರ್ಗಣಿ ವಸೂಲಿಗೆ ವಾಕೋಲದ ಒಂದು ಓಣಿಗೆ ಹೋಗಿದ್ದೆವು. ನಮ್ಮ ಸದಸ್ಯರು ಡ್ಯೂಟಿಯಿಂದ ಬಂದಿರಲಿಲ್ಲ. ಹತ್ತನೆಯ ತರಗತಿಯ ಮಗಳು ಭೂಗೋಳ ಉರು ಹೊಡೆಯುತ್ತಿದ್ದಳು. ಮಹಾರಾಷ್ಟ್ರದ ಹತ್ತನೆಯ ತರಗತಿಗೆ 2018ರಲ್ಲಿ ಬಂದ ಭೂಗೋಳ ಪುಸ್ತಕ ಭಾರತವನ್ನೂ ಬ್ರೆಜಿಲನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವಂಥದು. ಒಳ್ಳೆಯ ಪುಸ್ತಕವೇ. ಅಮೆಜಾನ್ ನದಿ ಎಲ್ಲಿ ಹುಟ್ಟುತ್ತದೆಂದು ಕೇಳಿದೆವು. ಪೆರು ದೇಶದ ಆಂಡಿಸ್ ಪರ್ವತದಲ್ಲಿ ಎಂದು ಪಟಕ್ಕನೆ ಹೇಳಿದಳು. ಮನೆಯ ಹಿಂದೆ ಹರಿಯುವುದು ಏನಮ್ಮ ಎಂದರೆ, ನಾಲಾ. ಅದು ಎಲ್ಲಿಂದ ಬರುತ್ತದೆ? ಗೊತ್ತಿಲ್ಲ. ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಯೋಚಿಸಿ, ‘ಮುನಿಸಿಪಾಲಿಟಿಯವರು ತೆಗೆದುಕೊಂಡು ಹೋಗುತ್ತಾರೆ’ ಎಂದಳು.

ನೀವು ನಗುತ್ತೀರಿ. ನಾವೂ ನಕ್ಕೆವು. ಆದರೆ ದಾರಿಯಲ್ಲಿ ಬರುವಾಗ ನಗೆ ನಿಂತಿತು. ಏಕೆಂದರೆ ಆ ನಾಲೆ ಎಲ್ಲಿ ಹೋಗಿ ಸೇರುತ್ತದೆಂದು ನಮಗೂ ಆ ಪ್ರಾಯದಲ್ಲಿ ಗೊತ್ತಿರಲಿಲ್ಲ. ಗೊತ್ತಾದದ್ದು 2005ರ ಜುಲೈ 26ರಂದು, ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತ ಮೇಲೆ. ಆ ಸಂಗತಿಗೆ ಮುಂದೆ ಬರುತ್ತೇವೆ.

ಪುಸ್ತಕದಲ್ಲಿ ಏನೂ ಇಲ್ಲವೆಂದು ದೂರುವಂತಿಲ್ಲ. ಅದೇ 2018ರ ಎಂಟನೆಯ ತರಗತಿಯ ಭೂಗೋಳದಲ್ಲಿ ಭೂಮಿಯ ಬಳಕೆಯನ್ನು ಕುರಿತು ಒಂದು ಪಾಠವೇ ಉಂಟು. ಹಳ್ಳಿಯ ನೆಲ ಯಾವುದಕ್ಕೆ, ಪಟ್ಟಣದ ನೆಲ ಯಾವುದಕ್ಕೆ, ಸಾತ್‌ಬಾರಾ ಉತಾರ ಎಂದರೇನು, ಪ್ರಾಪರ್ಟಿ ಕಾರ್ಡು ಎಂದರೇನು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಕೊನೆಯ ಪಾಠ ಕ್ಷೇತ್ರ ಭೇಟಿಯದು. ಆದರೆ ಅರವತ್ತು ಮಕ್ಕಳ ತರಗತಿಯನ್ನು ಕಟ್ಟಿಕೊಂಡು ಒಬ್ಬ ಮಾಸ್ತರರು ನಾಲೆಯ ದಂಡೆಗೆ ಹೋಗುವುದು ಹೇಗೆ? ಒಂದು ಮಗು ಜಾರಿದರೆ ಅವರ ನೌಕರಿ ಜಾರಿತು. ಪಾಠವನ್ನು ಓದಿಸುತ್ತಾರೆ, ಪ್ರಶ್ನೋತ್ತರ ಬರೆಸುತ್ತಾರೆ, ಮುಗಿಯಿತು. ಮಾಸ್ತರರನ್ನು ಬೈಯುವ ಹಕ್ಕು ನಮಗಿಲ್ಲ. ನಾವು ಏನು ಮಾಡಿದ್ದೇವೆ ಎಂಬುದೇ ಪ್ರಶ್ನೆ.

ಹೀಗೆ ಆದಿತ್ಯವಾರದ ತಿರುಗಾಟ ಆರಂಭವಾಯಿತು. ಮೊದಲ ದಿನ ಐದು ಮಕ್ಕಳು, ಇಬ್ಬರು ತಾಯಂದಿರು, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬಂದ ಒಬ್ಬ ದೋಸೆ ಭಟ್ಟರು. ನಮಗೆ ಇತಿಹಾಸ ಗೊತ್ತಿಲ್ಲ, ಭೂಗೋಳ ಗೊತ್ತಿಲ್ಲ. ಆದರೂ ಆ ದಿನ ಒಂದು ಉಪಾಯ ಸಿಕ್ಕಿತು, ಅದೂ ಭಟ್ಟರಿಂದಲೇ. ವಾಕೋಲದ ಸೇತುವೆಯ ಹತ್ತಿರ ನಿಂತು ಅವರು ತುಳುವಿನಲ್ಲಿ ತಮ್ಮಷ್ಟಕ್ಕೆ, ‘ಇದು ಬೈಲು ಅಲ್ಲವೋ’ ಎಂದರು.

ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಬಂಧುಗಳಿಗಾಗಿ ಹೇಳುತ್ತೇವೆ. ನಮ್ಮ ದಕ್ಷಿಣ ಕನ್ನಡದಲ್ಲಿ ಗದ್ದೆ ಮೂರು ತರಹ. ತಗ್ಗಿನಲ್ಲಿ, ತೋಡಿನ ಬದಿಯಲ್ಲಿ ಸದಾ ನೀರಿನ ಪಸೆ ಇರುವುದು ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ ನೆಲ ಬೆಟ್ಟು. ಮನೆ ಕಟ್ಟುವವನು ಬೈಲಿನ ನಡುವೆ ಕಟ್ಟುವುದಿಲ್ಲ, ಬದಿಯ ಎತ್ತರ ನೋಡುತ್ತಾನೆ. ಉತ್ತರ ಕನ್ನಡದವರಿಗೆ ಇನ್ನೂ ಒಂದು ಗೊತ್ತುಂಟು. ಸಮುದ್ರದ ಉಪ್ಪುನೀರು ನುಗ್ಗುವ ಗಜನಿ ಭೂಮಿ, ಅದರಲ್ಲಿ ಬೆಳೆಯುವ ಕಗ್ಗ ಭತ್ತ. ಇಲ್ಲಿ ಪಕ್ಕದ ಸ್ಟೇಷನ್ನಿಗೆ ಖಾರ್ ಎಂದು ಹೆಸರು. ಮರಾಠಿಯಲ್ಲಿ ಖಾರ್ ಎಂದರೆ ಉಪ್ಪಿನ ಸಂಬಂಧದ್ದು. ಉಪ್ಪು ನೆಲಕ್ಕೆ ಖಾರ್ ಜಮೀನು ಎನ್ನುತ್ತಾರೆ. ಅಂಕೋಲೆಯ ಕಡೆಯ ಒಬ್ಬ ತಾಯಿ ಅದನ್ನು ಕೇಳಿ, ‘ಅಂದರೆ ನಮ್ಮ ಗಜನಿಯೇ’ ಎಂದರು. ಇಪ್ಪತ್ತು ವರ್ಷ ಆ ಹೆಸರಿನ ಟಿಕೆಟು ತೆಗೆದವರಿಗೆ ಆ ದಿನ ಅದರ ಅರ್ಥ ಸಿಕ್ಕಿತು.

ಈ ಉಪಾಯ ನಮಗೆ ಬಹಳ ಉಪಕಾರ ಮಾಡಿತು. ಮಕ್ಕಳಿಗೆ ನಾವು ಹೇಳಿದ್ದು ಇಷ್ಟೇ. ಈ ಕಟ್ಟಡಗಳನ್ನೆಲ್ಲ ಕಣ್ಣಿನಿಂದ ತೆಗೆದುಹಾಕಿ. ಬೈಲು ಎಲ್ಲಿ, ಬೆಟ್ಟು ಎಲ್ಲಿ, ಗಜನಿ ಎಲ್ಲಿ, ಗುರುತು ಮಾಡಿ. ಅಪ್ಪ ಅಮ್ಮ ಊರಿನಲ್ಲಿ ಗದ್ದೆ ಮಾಡಿದವರಾದರೆ ಅವರನ್ನು ಕೇಳಿ. ನೋಡಿ ಬಂಧುಗಳೆ, ಮಗನ ಇಂಗ್ಲಿಷು ಪುಸ್ತಕ ಕಂಡರೆ ಹಿಂದೆ ಸರಿಯುವ ನಮ್ಮ ಮಾಣಿಗಳು ಈ ಪಾಠದಲ್ಲಿ ಮಾತ್ರ ಮಗನ ಗುರುಗಳಾದರು.

ಇನ್ನು ಇತಿಹಾಸ. ಮುಂಬಯಿ ಎಂದರೆ ಏಳು ದ್ವೀಪ ಎಂದು ಎಲ್ಲರೂ ಹೇಳುತ್ತಾರೆ. ಸಾಂತಾಕ್ರೂಜ್ ಆ ಏಳರಲ್ಲಿ ಇಲ್ಲ. ಇದು ಮಾಹಿಮಿನ ಖಾಡಿಯ ಆಚೆಗಿನ ಸಾಷ್ಟಿ ದ್ವೀಪದ್ದು. 1534ರ ವಸಯಿ ಒಪ್ಪಂದದಿಂದ ಪೋರ್ಚುಗೀಸರ ಕೈಗೆ ಬಂತು. 1737ರಲ್ಲಿ ಮರಾಠರು ಗೆದ್ದರು. 1774ರಲ್ಲಿ ಇಂಗ್ಲಿಷರು ಹಿಡಿದರು. ಸಾಂತಾಕ್ರೂಜ್ ಎಂಬ ಹೆಸರು ಪೋರ್ಚುಗೀಸು ಮಾತು, ಪವಿತ್ರ ಶಿಲುಬೆ ಎಂದು ಅರ್ಥ. ಹಳೆಯ ಊರುಗಳೆಂದರೆ ಕೋಲೆ ಕಲ್ಯಾಣ, ವಾಕೋಲ, ಜುಹು. ಕೋಲೆ ಕಲ್ಯಾಣವನ್ನೇ ಇಂದು ಕಲೀನ ಎನ್ನುತ್ತೇವೆ. ಭೂಮಿಯ ದಫ್ತರದಲ್ಲಿ ಮಾತ್ರ ಇಂದಿಗೂ ಹಳೆಯ ಹೆಸರೇ. ಇದನ್ನು ಮಕ್ಕಳು ಬಾಯಿಪಾಠ ಮಾಡಬೇಕು, ಏಕೆಂದರೆ ಪ್ರಾಪರ್ಟಿ ಕಾರ್ಡು ಹುಡುಕುವಾಗ ‘ಕಲೀನ’ ಎಂದು ಹುಡುಕಿದರೆ ಸಿಗುವುದಿಲ್ಲ.

ಕಲೀನದಲ್ಲಿ ಹದಿನೇಳನೆಯ ಶತಮಾನದಷ್ಟು ಹಳೆಯ ಇಗರ್ಜಿ ಉಂಟು, ಅವರ್ ಲೇಡಿ ಆಫ್ ಈಜಿಪ್ಟ್ ಎಂದು. ಅದರ ಸುತ್ತಿನ ಸಣ್ಣ ಓಣಿಗಳು, ಮರದ ಅಟ್ಟದ ಹಂಚಿನ ಮನೆಗಳು, ಮೂಲೆಗೊಂದು ಶಿಲುಬೆ. ಅಲ್ಲಿಯ ಕ್ರಿಶ್ಚಿಯನರು ಗೋವೆಯಿಂದ ಬಂದವರೆಂದು ನಾವು ಎಣಿಸಿದ್ದೆವು. ಅಲ್ಲ. ಅವರು ಇಲ್ಲಿಯವರೇ, ಮನೆಯಲ್ಲಿ ಮರಾಠಿಯ ಒಂದು ಬಗೆ ಆಡುವವರು. 1887ರಲ್ಲಿ ತಮ್ಮ ಸಂಘ ಕಟ್ಟಿಕೊಂಡು ಈಸ್ಟ್ ಇಂಡಿಯನ್ ಎಂದು ಹೆಸರಿಟ್ಟುಕೊಂಡರು. ಗದ್ದೆ ಉತ್ತವರು ಅವರು, ಕುಣಬಿಗಳು. ಬಲೆ ಬೀಸಿದವರು ಕೋಳಿಗಳು. ತಾಳೆ ಮರ ಹತ್ತಿ ಕಳ್ಳು ಇಳಿಸಿದವರು ಭಂಡಾರಿಗಳು. ಈ ಕೊನೆಯ ಮಾತು ಹೇಳುವಾಗ ನಾವು ನಾರಾಯಣ ಗುರು ರಸ್ತೆಯಲ್ಲಿ, ಬಿಲ್ಲವ ಭವನದ ಹತ್ತಿರ ನಿಂತಿದ್ದೆವು. ಒಬ್ಬ ಹುಡುಗ, ‘ಹಾಗಾದರೆ ನಮ್ಮ ಅಜ್ಜನ ಕೆಲಸದವರು ಇಲ್ಲಿ ಮೊದಲೇ ಇದ್ದರು’ ಎಂದ. ನಾವು ಅಷ್ಟು ಯೋಚಿಸಿರಲಿಲ್ಲ.

ಒಂದು ಸಂಗತಿಯನ್ನು ಮಾತ್ರ ನಿಲ್ಲಿಸಿ ಹೇಳಬೇಕು. 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಗೆ ಕೋಟೆಯ ಹತ್ತಿರ, ಅಪೋಲೋ ಬಂದರದ ಬಾಗಿಲ ಬಳಿ, ಒಂದು ತುಂಡು ಜಾಗ ಬೇಕಾಯಿತು. ಅದು ಪಾರ್ಸಿ ಮನೆತನದ ಹೊರ್ಮಸ್‌ಜಿ ಬಮನ್‌ಜಿ ವಾಡಿಯಾ ಅವರದು. ಬದಲಿಗೆ ಕಂಪನಿ ಅವರಿಗೆ ಏನು ಕೊಟ್ಟಿತು? ಕುರ್ಲಾ, ಮೋಹಿಲಿ, ಕೋಲೆ ಕಲ್ಯಾಣ, ಮರೋಳ, ಸಹಾರ, ಅಸಲ್ಫೆ, ಪರ್ಜಾಪುರ. ಏಳು ಊರು. ಬಂದರದ ಒಂದು ತುಂಡಿಗೆ ಏಳು ಊರು, ವರ್ಷಕ್ಕೆ ಇಷ್ಟೆಂದು ಕಂದಾಯ. ಉತ್ತು ಬಿತ್ತುವವರನ್ನು ಯಾರಾದರೂ ಕೇಳಿದ್ದರೋ? ಠಾಣೆ ಜಿಲ್ಲೆಯ ಹಳೆಯ ಗೆಝೆಟಿಯರಿನಲ್ಲಿ ಕೊಟ್ಟವರ ಹೆಸರು, ಪಡೆದವರ ಹೆಸರು, ಕಂದಾಯದ ಮೊತ್ತ ಉಂಟು. ಉತ್ತವರ ಹೆಸರಿಲ್ಲ. ಮಕ್ಕಳು ಇದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು. ನಾವೂ ಬರೆದುಕೊಂಡೆವು.

ಆ ಮೇಲಿನದು ಬೇಗ ಹೇಳಿಬಿಡುತ್ತೇವೆ. 1845ರಲ್ಲಿ ಮಾಹಿಮಿನ ಸೇತುರಸ್ತೆ ತೆರೆಯಿತು. ಕಂಪನಿ ಹಣ ಕೊಡಲು ಒಪ್ಪದೆ ಇದ್ದಾಗ ಅವಾಬಾಯಿ ಜಮ್‌ಶೆಟ್‌ಜಿ ಜೀಜೀಭಾಯಿ ಎಂಬ ತಾಯಿ ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕಿ ಕೊಟ್ಟರು. 1867ರಲ್ಲಿ ವಿರಾರಿನಿಂದ ಲೋಕಲ್ ರೈಲು ಓಡಿತು. 1928ರಲ್ಲಿ ಬೊರಿವಲಿಯವರೆಗೆ ವಿದ್ಯುತ್ ರೈಲು ಬಂತು. ಅದೇ 1928ರಲ್ಲಿ ಜುಹುವಿನಲ್ಲಿ ವಿಮಾನ ಇಳಿಯುವ ಬಯಲಾಯಿತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ಚೀಲ ತಂದು ಇಳಿಸಿದ್ದು ಅಲ್ಲಿಯೇ. ಎರಡನೆಯ ಮಹಾಯುದ್ಧದಲ್ಲಿ ಸಾಂತಾಕ್ರೂಜಿನ ಬೈಲಿನ ಕಡೆ ಸೈನ್ಯದ ವಿಮಾನಗಳಿಗಾಗಿ ದೊಡ್ಡ ಓಡುದಾರಿ ಬಂತು. ಯುದ್ಧದ ನಂತರ ನಾಗರಿಕ ವಿಮಾನಗಳೂ ಇಲ್ಲಿಗೇ ಬಂದವು. 1950ರಲ್ಲಿ ಮುಂಬಯಿ ಮಹಾನಗರಪಾಲಿಕೆಯ ಗಡಿ ಸಾಂತಾಕ್ರೂಜನ್ನು ನುಂಗಿ ಜೋಗೇಶ್ವರಿಯವರೆಗೆ ಹೋಯಿತು. ಮುಂದೆ ಕಲೀನದ ಹುಲ್ಲುಗಾವಲಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾನಗರಿ ಬಂತು, ನಮ್ಮ ಕನ್ನಡ ವಿಭಾಗ ಇರುವುದೂ ಅದರೊಳಗೆ. 1977ರಲ್ಲಿ ಬಾಂದ್ರಾ ಕುರ್ಲಾ ಸಂಕೀರ್ಣದ ಯೋಜನೆಯ ಅಧಿಕಾರವನ್ನು ಎಂ. ಎಂ. ಆರ್. ಡಿ. ಎ.ಗೆ ಒಪ್ಪಿಸಿದರು. ಸುಮಾರು 370 ಹೆಕ್ಟೇರು. ಭಟ್ಟರ ಭಾಷೆಯಲ್ಲಿ ಹೇಳುವುದಾದರೆ, ಅದೆಲ್ಲ ಗಜನಿ.

ಈಗ ಆ ನಾಲೆಗೆ ಬರೋಣ. ವಾಕೋಲ ನಾಲೆ ಹೋಗಿ ಮಿಠಿ ನದಿಯನ್ನು ಸೇರುತ್ತದೆ. ಹೌದು, ಅದು ನದಿ. ವಿಹಾರ ಮತ್ತು ಪವಾಯಿ ಕೆರೆಗಳ ಕೋಡಿ ನೀರಿನಿಂದ ಹೊರಟು ಸುಮಾರು 18 ಕಿಲೋಮೀಟರು ಹರಿದು ಮಾಹಿಮಿನ ಖಾಡಿಯಲ್ಲಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ವಿಮಾನದ ಓಡುದಾರಿಗಾಗಿ ಅದನ್ನು ತಿರುಗಿಸಿದ್ದಾರೆ, ಎರಡು ಬದಿಯಿಂದಲೂ ಒತ್ತಿದ್ದಾರೆ. ಕಾರಖಾನೆ ಒತ್ತಿತು, ಗುಡಿಸಲೂ ಒತ್ತಿತು. ಗುಡಿಸಲಿನವರಾದ ನಾವು ಅದನ್ನು ಒಪ್ಪಿಕೊಳ್ಳಬೇಕು. ಆದರೆ ಬೈಲಿನಲ್ಲಿ ಗುಡಿಸಲು ಕಟ್ಟಿದವನಿಗೆ ಬೆಟ್ಟಿನಲ್ಲಿ ಜಾಗ ಕೊಟ್ಟವರು ಯಾರು? ಮತ್ತು 370 ಹೆಕ್ಟೇರು ಗಜನಿ ತುಂಬಿಸಿದವರು ಗುಡಿಸಲಿನವರಲ್ಲ.

2005ರ ಜುಲೈ 26. ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ 24 ತಾಸಿನಲ್ಲಿ 944 ಮಿಲಿಮೀಟರು ಮಳೆ ಅಳೆದರು. ಹಳೆಯ ಲೆಕ್ಕದಲ್ಲಿ 37 ಇಂಚು, ಮೂರು ಅಡಿಗೂ ಮೇಲೆ. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರು ಚಿಲ್ಲರೆ. ಒಂದೇ ನಗರ. ಈ ಎರಡು ಅಂಕಿಗಳನ್ನು ಮಕ್ಕಳಿಗೆ ಹೇಳಿದಾಗ ಅವರು ನಂಬುವುದಿಲ್ಲ. ಆಗ ನಮಗೆ ಹದಿನಾರು ವರ್ಷ. ಹೋಟೆಲಿನ ಹೆಸರು ಬೇಡ, ಮಾಲೀಕರು ಕೆಟ್ಟವರೇನೂ ಅಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ನೀರು ಬಾಗಿಲಿಗೆ ಬಂತು. ಗೋಣಿ ಇಟ್ಟೆವು. ಮೂರು ಗಂಟೆಗೆ ಗಲ್ಲೆಯ ಮೇಜು ತೇಲಿತು. ನಾಲ್ಕು ಮಾಣಿಗಳು ಅಟ್ಟದ ಮೇಲೆ ಅಕ್ಕಿ ಮೂಟೆಗಳ ಜೊತೆ ಒಂದು ರಾತ್ರಿ ಒಂದು ಹಗಲು ಕುಳಿತೆವು. ನೀರು ಇಳಿದಮೇಲೆ ನಾಲೆಯ ಬದಿಯ ಓಣಿಗೆ ಹೋದರೆ ಜನ ಟ್ರಂಕುಗಳನ್ನು ಬಿಸಿಲಿಗೆ ಇಟ್ಟಿದ್ದರು. ಬಿಸಿಲು ಇರಲಿಲ್ಲ. ಆದರೂ ಇಟ್ಟಿದ್ದರು. ಮಹಾರಾಷ್ಟ್ರದಲ್ಲಿ ಆ ಮಳೆಗೆ ಸತ್ತವರು ಸಾವಿರಕ್ಕೂ ಹೆಚ್ಚು. ಎರಡು ಓಣಿ ಮೇಲೆ ಕಲೀನದ ಹಳೆಯ ಗಾವಠಾಣದಲ್ಲಿ ಒಬ್ಬ ಮುದುಕಿ ನಮಗೆ ಚಹ ಕೊಟ್ಟು, ‘ನೀರು ತನ್ನ ಗದ್ದೆಗೆ ಬಂದಿತ್ತು’ ಎಂದಿದ್ದಳು. ಆಗ ಅದರ ಅರ್ಥ ಆಗಲಿಲ್ಲ. ಭಟ್ಟರು ಬೈಲು ಎಂದ ದಿನ ಆಯಿತು.

ಟ್ರಂಕುಗಳ ಮಾತು ಬಂತು. ಅದರೊಳಗೆ ಏನಿತ್ತು? ರೇಷನ್ ಕಾರ್ಡು, ಹಳೆಯ ಲೈಟ್ ಬಿಲ್ಲು, ಮಕ್ಕಳ ಶಾಲೆಯ ದಾಖಲೆ. ಇಲ್ಲಿ ಕುಳಿತಿರುವ ತಾಯಂದಿರಿಗೆ 2000ದ ಜನವರಿ 1 ಎಂದರೆ ಏನೆಂದು ಹೇಳಬೇಕಾಗಿಲ್ಲ. ಆ ದಿನಕ್ಕೆ ಮುಂಚೆ ಇಲ್ಲಿ ಇದ್ದೆನೆಂದು ಕಾಗದ ತೋರಿಸಿದವನು ಝೋಪಡಪಟ್ಟಿ ಪುನರ್ವಸತಿಯಲ್ಲಿ ಧರ್ಮಾರ್ಥ ಮನೆಗೆ ಪಾತ್ರ, ತೋರಿಸದವನು ಅಪಾತ್ರ. ನಮ್ಮ ಮಟ್ಟಿಗೆ ಇತಿಹಾಸ ಎಂದರೆ ಇದೇ ಅಲ್ಲವೇ? ರಾಜರ ಇಸವಿ ತಪ್ಪಿದರೆ ಒಂದು ಅಂಕ ಹೋಗುತ್ತದೆ. ಈ ಇಸವಿ ತಪ್ಪಿದರೆ 300 ಚದರ ಅಡಿ ಹೋಗುತ್ತದೆ.

ನಮ್ಮ ಮನೆತನದ ಒಂದು ಸಂಗತಿ ಹೇಳುತ್ತೇವೆ, ಬೇಸರ ಮಾಡಬೇಡಿ. ನಮ್ಮ ಅಜ್ಜ ಕಾರ್ಕಳ ತಾಲೂಕಿನಲ್ಲಿ ಚಾಲಗೇಣಿ ಒಕ್ಕಲು. ಮೂಲಗೇಣಿಯವನಿಗೆ ನೆಲದಲ್ಲಿ ಬೇರು ಉಂಟು. ಚಾಲಗೇಣಿಯವನು ಧಣಿ ಏಳು ಎಂದರೆ ಏಳಬೇಕು. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂತು. ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲು ಮಾಡಬೇಕಾದದ್ದು ಇಷ್ಟೇ, 7ನೆಯ ನಮೂನೆ ತುಂಬಿ ಭೂನ್ಯಾಯಮಂಡಳಿಗೆ ಕೊಡುವುದು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ಆ ಒಂದು ಹಾಳೆಯಿಂದ ತಲೆ ಎತ್ತಿದವು. ಅಜ್ಜ ತುಂಬಲಿಲ್ಲ. ಧಣಿಗಳ ಮನೆಯ ಅನ್ನ ಉಂಡವರು ಅವರ ಮೇಲೆ ಕಾಗದ ಹಾಕುವುದೇ ಎಂದರಂತೆ. ಓದಲು ಬಾರದೆ ಇದ್ದದ್ದಕ್ಕೆ ಅದು ಮರ್ಯಾದೆಯ ಹೊದಿಕೆಯೋ ಏನೋ, ಈಗ ಯಾರಿಗೆ ಗೊತ್ತು. ಕೊನೆಯ ಅವಧಿ 1979ರ ಜೂನ್ 30ಕ್ಕೆ ಮುಗಿಯಿತು. ಅಪ್ಪ ಕೂಲಿಯಾದರು, ನಾವು ಮುಂಬಯಿಯ ಮಾಣಿಯಾದೆವು. ಈಚೆಗೆ ಒಂದು ದಿನ ಮಕ್ಕಳಿಗೆ ಸಾತ್‌ಬಾರಾ ಉತಾರ ತೋರಿಸುತ್ತ, ಇದು ಮಹಾರಾಷ್ಟ್ರದ 7ನೆಯ ಮತ್ತು 12ನೆಯ ನಮೂನೆ ಎಂದೆವು. 7 ಎಂಬ ಅಂಕಿ ಬಾಯಿಂದ ಹೊರಟದ್ದೇ ಮಾತು ನಿಂತಿತು. ಎರಡು ನಮೂನೆಗೂ ಸಂಬಂಧವಿಲ್ಲ. ಆದರೂ ನಿಂತಿತು.

ಇನ್ನು ನಮ್ಮ ತಪ್ಪಿನ ಮಾತು. ಅಮೆಜಾನ್ ಬಲ್ಲ ಆ ಹುಡುಗಿಯ ತಂದೆಯ ಟ್ರಂಕು 2005ರಲ್ಲಿ ನೆನೆದದ್ದು. ಓಣಿಯ ಸರ್ವೆ ಆದಾಗ ಪಟ್ಟಿಯಲ್ಲಿ ಅವರು ಅಪಾತ್ರರೆಂದು ಬಂತು. ನಮ್ಮ ಹತ್ತಿರ ಬಂದರು. ನಾವು, ಸಂಘದವರು, ಏನು ಮಾಡಿದೆವು? ಒಬ್ಬ ದಲ್ಲಾಳಿಯ ಹೆಸರು ಕೊಟ್ಟೆವು. ಎಂಟು ತಿಂಗಳ ಉಳಿತಾಯ ಅವನ ಕಿಸೆಗೆ ಹೋಯಿತು. ಕಾಗದ ಬರಲಿಲ್ಲ, ಆಮೇಲೆ ಫೋನೂ ಎತ್ತಲಿಲ್ಲ. ಇದನ್ನು ಅಧ್ಯಕ್ಷರ ಮುಂದೆ, ಎಲ್ಲರ ಎದುರು ಹೇಳಿಬಿಡುತ್ತೇವೆ. ಆ ಹಣದ ಅರ್ಧವನ್ನು ಸಂಘ ತುಂಬಿ ಕೊಟ್ಟಿದೆ. ಇನ್ನರ್ಧ ಬಾಕಿ ಉಂಟು.

ಅಷ್ಟರಲ್ಲಿ ಆದಿತ್ಯವಾರದ ತಿರುಗಾಟದಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆವು. ನಿಮ್ಮ ಓಣಿಯ ನಕಾಶೆ ಬರೆಯಿರಿ, ಎಲ್ಲರಿಗಿಂತ ಹಳಬರನ್ನು ಕೇಳಿ ಇಪ್ಪತ್ತೈದು ವರ್ಷದ ಹಿಂದಿನ ನಕಾಶೆಯನ್ನೂ ಬರೆಯಿರಿ ಎಂದು. ನಲ್ಲಿ ಎಲ್ಲಿತ್ತು, ಮರ ಎಲ್ಲಿತ್ತು, ಯಾವ ಮನೆಗೆ ಯಾವ ನಂಬರು. ಈ ಹುಡುಗಿ ಮೂರು ವಾರ ಕುಳಿತು ಬರೆದಳು. ಓಣಿಯ ನಂಬರುಗಳು ಎರಡು ಸಲ ಬದಲಾಗಿವೆ ಎಂಬುದು ಆಗ ತಿಳಿಯಿತು. ಅವಳು ಹಳೆಯ ನಂಬರನ್ನು ಹಿಡಿದು, ತಂದೆಯ ಜೊತೆ ಚುನಾವಣೆಯ ಕಚೇರಿಗೆ ಹೋಗಿ 2000ಕ್ಕೆ ಮುಂಚಿನ ಮತದಾರರ ಪಟ್ಟಿ ನೋಡಿದಳು. ಹೊಸ ನಂಬರಿನಲ್ಲಿ ಹುಡುಕಿದವರಿಗೆ ಸಿಗದ ಹೆಸರು ಹಳೆಯ ನಂಬರಿನಲ್ಲಿ ಸಿಕ್ಕಿತು. ಹೆಸರಿನ ಅಕ್ಷರ ಮರಾಠಿಯಲ್ಲಿ ಸೊಟ್ಟಗೆ ಬಿದ್ದಿತ್ತು, ಆದರೆ ಹೆಂಡತಿಯ ಹೆಸರು ಸರಿ, ಮನೆ ಸರಿ. ನಕಲು ತೆಗೆದು ಅಪೀಲು ಹಾಕಿದರು. ಈಗ ಅವರು ಪಾತ್ರರ ಪಟ್ಟಿಯಲ್ಲಿ ಇದ್ದಾರೆ. ಪಕ್ಕದ ಮನೆಯವರದು ಆಗಲಿಲ್ಲ. ಅವರು ಬಂದದ್ದೇ 2001ರಲ್ಲಿ. ಹಳೆಯ ನಕಾಶೆ ಅವರ ಮನೆ ಇರಲಿಲ್ಲವೆಂದೇ ಹೇಳಿತು. ಅದನ್ನು ಬರೆದ ಹುಡುಗಿ ಆ ಮನೆಯವರ ಮುಖ ನೋಡಲು ಕೆಲವು ದಿನ ಹೆದರಿದ್ದಳು. ಅವರಿಗಾಗಿ ಏನು ಮಾಡಬಹುದೆಂದು ವಕೀಲರನ್ನು ಕೇಳುತ್ತಿದ್ದೇವೆ.

ನಕಾಶೆಯಿಂದ ಏನಾಗುತ್ತದೆಂದು ಯಾರೂ ಹೇಳಬಾರದು. 2015ರ ಫೆಬ್ರವರಿಯಲ್ಲಿ ಮುಂಬಯಿಯ ಹೊಸ ಅಭಿವೃದ್ಧಿ ಯೋಜನೆಯ ಕರಡು ಹೊರಬಿತ್ತು. ಇದ್ದ ಕಟ್ಟಡದ ಮೇಲೆ ರಸ್ತೆಯ ಗೆರೆ, ಹಳೆಯ ಗಾವಠಾಣಗಳ ಗುರುತೇ ಇಲ್ಲ, ಹೀಗೆ ತಪ್ಪುಗಳು. ಅವುಗಳನ್ನು ಹಿಡಿದವರು ಆಯಾ ಓಣಿಯ ಜನ. ಸಾವಿರಾರು ಆಕ್ಷೇಪ ಹೋದವು. ಏಪ್ರಿಲಿನಲ್ಲಿ ಮುಖ್ಯಮಂತ್ರಿಗಳು ಆ ಕರಡನ್ನು ಬಿಟ್ಟು ತಿದ್ದಿ ಬರೆಯಲು ಆಜ್ಞೆ ಮಾಡಿದರು. ತಿದ್ದಿದ ಯೋಜನೆ 2018ರಲ್ಲಿ ಮಂಜೂರಾಯಿತು, 2034ರವರೆಗಿನದು. ಅದರ ನಕಾಶೆ ಎಲ್ಲರಿಗೂ ತೆರೆದಿದೆ. ನಮ್ಮ ಎಚ್ ಪೂರ್ವ ವಾರ್ಡಿನ ಹಾಳೆಯನ್ನು ಮೊಬೈಲಿನಲ್ಲೇ ನೋಡಬಹುದು. ಯಾವ ತುಂಡು ಮೈದಾನಕ್ಕೆ, ಯಾವುದು ಶಾಲೆಗೆ, ಯಾವುದು ರಸ್ತೆಗೆ ಎಂದು ಬಣ್ಣ ಹಾಕಿದ್ದಾರೆ. ಮಕ್ಕಳು ಅದನ್ನು ಹಿಡಿದು ನಡೆದರೆ, ಕಾಗದದಲ್ಲಿ ಮೈದಾನವಾಗಿದ್ದು ನೆಲದಲ್ಲಿ ಲಾರಿ ನಿಲ್ಲುವ ಜಾಗವಾಗಿರುವುದು ತಾನಾಗಿ ಕಣ್ಣಿಗೆ ಬೀಳುತ್ತದೆ. ನಮ್ಮ ಹುಡುಗರು ಅಂಥದೊಂದನ್ನು ಕಂಡುಹಿಡಿದಿದ್ದಾರೆ. ಅರ್ಜಿಯ ಕರಡು ತಯಾರಾಗಿದೆ. ಎಲ್ಲಿ ಎಂಬುದನ್ನು ಅರ್ಜಿ ಹೋದ ಮೇಲೆ ಹೇಳುತ್ತೇವೆ.

ಕೆಲವು ಪಾಲಕರ ಆಕ್ಷೇಪವೂ ಉಂಟು. ಇದು ಪರೀಕ್ಷೆಗೆ ಬರುತ್ತದೆಯೇ, ಆದಿತ್ಯವಾರ ಗಣಿತದ ಕ್ಲಾಸು ಇರುತ್ತದೆ, ನಾಲೆಯ ಬದಿ ಸುತ್ತಿ ಜ್ವರ ತಂದರೆ ಯಾರು ಹೊಣೆ? ನ್ಯಾಯವಾದ ಪ್ರಶ್ನೆಗಳೇ. ಎಂಟನೆಯವರಿಗೆ ಪರೀಕ್ಷೆಗೂ ಬರುತ್ತದೆ. ಹತ್ತನೆಯವರಿಗೆ ಬರಲಿಕ್ಕಿಲ್ಲ. ಆದುದರಿಂದ ಹತ್ತನೆಯವರನ್ನು ದಿವಾಳಿಯ ನಂತರ ಕರೆಯುವುದಿಲ್ಲ. ಮಳೆಗಾಲದಲ್ಲಿ ನಾಲೆಯ ದಂಡೆಗೆ ಹೋಗುವುದಿಲ್ಲ, ಸೇತುವೆಯ ಮೇಲಿಂದ ನೋಡುವುದು. ಇನ್ನೊಂದು ಆಕ್ಷೇಪ ನಮ್ಮವರೇ ಒಬ್ಬರದು. ನಾವು ಕನ್ನಡಿಗರು, ನಮಗೆ ಇಲ್ಲಿಯ ಗದ್ದೆಯ ಕಥೆ ಯಾಕೆ, ಮಕ್ಕಳಿಗೆ ಊರಿನ ಇತಿಹಾಸ ಹೇಳಿ ಎಂದು. ಊರಿನದೂ ಹೇಳೋಣ, ಬೇಡವೆಂದವರಾರು? ಆದರೆ ಈ ಮಕ್ಕಳು ಹುಟ್ಟಿದ್ದು ವಾಕೋಲದಲ್ಲಿ. ಊರಿಗೆ ಹೋಗುವುದು ಮೇ ತಿಂಗಳಲ್ಲಿ ಹದಿನೈದು ದಿನ. ಹಿಂದೆ ಗುರುನಾರಾಯಣ ರಾತ್ರಿ ಹೈಸ್ಕೂಲಿನಂಥ, ಮೊಗವೀರರ ರಾತ್ರಿ ಶಾಲೆಯಂಥ ಶಾಲೆಗಳನ್ನು ಕಟ್ಟಿದ ಹಿರಿಯರು ಮಾಣಿಗಳಿಗೆ ಕನ್ನಡವನ್ನು ಮಾತ್ರ ಕಲಿಸಿ ಬಿಡಲಿಲ್ಲ. ಈ ಪಟ್ಟಣದಲ್ಲಿ ಬಾಳಲು ಬೇಕಾದ್ದನ್ನು ಕಲಿಸಿದರು. ಪಟ್ಟಣ ಈಗ ಕೇಳುವುದು ಕಾಗದ.

ನಮ್ಮ ಬೇಡಿಕೆ ದೊಡ್ಡದಲ್ಲ. ಒಂದು, ಪುಸ್ತಕದ ನಿಧಿಯಿಂದ ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಪ್ರತಿ ಮಗುವಿಗೆ ದೊಡ್ಡ ಗೆರೆಯಿಲ್ಲದ ವಹಿ ಕೊಡಬೇಕು. ಮತ್ತೆ, ಪ್ರತಿ ಓಣಿಯ ಹಳೆಯ ಮತ್ತು ಹೊಸ ನಕಾಶೆಗಳ ಒಂದು ಪ್ರತಿ ಸಂಘದ ಕಪಾಟಿನಲ್ಲಿ ಇರಬೇಕು, ಮೇಲಿನ ಖಾನೆಯಲ್ಲಿ, ನೀರು ಮುಟ್ಟದ ಕಡೆ. ಕಪಾಟು ಈಗ ನೆಲದ ಮೇಲೆ ಇದೆ, ಅದನ್ನು ಇಂದೇ ಎತ್ತರಿಸಿದರೆ ಒಳ್ಳೆಯದು. ವಿದ್ಯಾನಗರಿಯಲ್ಲಿ ಓದುತ್ತಿರುವ ನಮ್ಮ ಯುವಕರು ತಿಂಗಳಿಗೊಮ್ಮೆ ಬಂದು ನಮ್ಮ ತಪ್ಪುಗಳನ್ನು ತಿದ್ದಬೇಕು. ನಾವು ಹೇಳುವ ಇಸವಿ ತಪ್ಪಿದರೆ ಮಕ್ಕಳ ಎದುರೇ ತಿದ್ದಬಹುದು, ನಮಗೆ ಅವಮಾನವಿಲ್ಲ.

ಬರುವ ಆದಿತ್ಯವಾರ ಬೆಳಿಗ್ಗೆ 7 ಗಂಟೆಗೆ ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವ ಬದಿಯ ಟಿಕೆಟು ಕಿಟಕಿಯ ಹತ್ತಿರ ಕೂಡುವುದು. ಕಲೀನದ ಇಗರ್ಜಿಯವರೆಗೆ ನಡಿಗೆ, ಅಲ್ಲಿಂದ ಮಿಠಿಯ ಸೇತುವೆ. ನೀರಿನ ಬಾಟಲಿ, ಪೆನ್ಸಿಲು, ಕೊಡೆ ತರಬೇಕು. ಊರಿನಲ್ಲಿ ಗದ್ದೆ ಮಾಡಿದ ತಂದೆಯೋ ತಾಯಿಯೋ ಇದ್ದರೆ ಅವರನ್ನೂ ತರಬೇಕು, ಅವರಿಗೆ ಚಹ ನಮ್ಮದು. ಅಡುಗೆಮನೆಯವರು ಕೈ ಮಾಡುತ್ತಿದ್ದಾರೆ, ಇಡ್ಲಿ ಇಳಿಯಿತೆಂದು ಕಾಣುತ್ತದೆ. ಮಕ್ಕಳು ಮೊದಲು ಸಾಲಾಗಿ ಬರಲಿ.